ರಾತ್ರಿ 11ರ ಮೇಲೂ ಟಿವಿಗೆ ಕತ್ತರಿ ಯಾಕೆ? ಇದರ ವಿರುದ್ಧ ದನಿ ಎತ್ತುವುದು ಹೇಗೆ?

ಮಕ್ಕಳು ಮಲಗಿದ ಮೇಲೂ ಟಿವಿಯಲ್ಲಿ ಬೀಪ್, ಬ್ಲರ್, ಕತ್ತರಿ ನಿಲ್ಲುವುದಿಲ್ಲ, ದೊಡ್ಡವರ ಕಾರ್ಯಕ್ರಮ ದೊಡ್ಡವರಿಗೆ ಬಿಡಿ ಎಂದು ಅಭಿಯಾನ ಮಾಡಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ.

ನಾನು ಆ ಬೀಪ್ ಹಾಕುತ್ತಿದ್ದ ಕಡೆಯವನು. 2008ರಿಂದ ಆರು ವರ್ಷ ಮುಂಬೈಯ ಒಂದು ಇಂಗ್ಲಿಷ್ ಚಾನೆಲ್‌ನಲ್ಲಿ ಸಬ್‌ಟೈಟಲ್ ತಿದ್ದುವ ಕೆಲಸ ಮಾಡಿದೆ. ಬಳಸಬಾರದ ಪದಗಳ ಪಟ್ಟಿಯೊಂದು ಮೇಜಿನ ಮೇಲೆ ಸದಾ ಇರುತ್ತಿತ್ತು. ಸೇರಿದಾಗ ಅದು ಒಂದು ಹಾಳೆ, ಬಿಡುವಾಗ ನಾಲ್ಕು. ಒಮ್ಮೆ ಅಡುಗೆ ಕಾರ್ಯಕ್ರಮದಲ್ಲಿ ‘ಚಿಕನ್ ಬ್ರೆಸ್ಟ್’ ಅಂತ ಬಂತು. ನಾನು ‘ಚಿಕನ್ ಪೀಸ್’ ಅಂತ ಬರೆದು ಮುಂದೆ ಹೋದೆ. ಹಾಗೆ ಮಾಡು ಅಂತ ದೆಹಲಿಯಿಂದ ಯಾರೂ ಹೇಳಿರಲಿಲ್ಲ. ನನ್ನ ಬಾಸ್ ಕೂಡ ಹೇಳಿರಲಿಲ್ಲ.

ನಿಮ್ಮ ಅಭಿಯಾನಕ್ಕೆ ಇದು ಮುಖ್ಯ. ಸಿನಿಮಾಗೆ ಇರುವ ಹಾಗೆ ಟಿವಿ ಕಾರ್ಯಕ್ರಮವನ್ನು ಮೊದಲೇ ನೋಡಿ ಸರ್ಟಿಫಿಕೇಟ್ ಕೊಡುವ ಮಂಡಳಿ ನಮ್ಮಲ್ಲಿಲ್ಲ. ಇರುವುದು 1995ರ ಕೇಬಲ್ ಟಿವಿ ಕಾಯ್ದೆ, ಜೊತೆಗೆ ಪ್ರೋಗ್ರಾಂ ಕೋಡ್. ಒಳ್ಳೆಯ ಅಭಿರುಚಿಗೆ, ಸಭ್ಯತೆಗೆ ಧಕ್ಕೆ ಆಗಬಾರದು ಎನ್ನುತ್ತದೆ ಕೋಡ್. ಯಾರ ಅಭಿರುಚಿ? ಅದು ಗೊತ್ತಾಗುವುದು ಕಾರ್ಯಕ್ರಮ ಹೋದ ಮೇಲೆ, ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯದಿಂದ ನೋಟಿಸ್ ಬಂದಾಗ. 2007ರ ಜನವರಿಯಲ್ಲಿ ಇಂಗ್ಲಿಷ್ ಚಾನೆಲ್ ಎಎಕ್ಸ್‌ಎನ್‌ಗೆ ಎರಡು ತಿಂಗಳ ನಿಷೇಧ ಹೇಳಿದರು, ಜಾಹೀರಾತುಗಳ ಕುರಿತ ಒಂದು ಶೋಗೆ. ಅದೇ ವರ್ಷ ಫ್ಯಾಷನ್ ಚಾನೆಲ್ ಎಫ್‌ಟಿವಿಗೂ ಎರಡು ತಿಂಗಳು. ಆ ಕಾರ್ಯಕ್ರಮದ ಹೆಸರು ‘ಮಿಡ್‌ನೈಟ್ ಹಾಟ್’. ಹೆಸರಲ್ಲೇ ಮಧ್ಯರಾತ್ರಿ ಇತ್ತು, ಆದರೂ ಉಳಿಯಲಿಲ್ಲ. ಎಫ್‌ಟಿವಿಗೆ 2010ರಲ್ಲಿ ಮತ್ತೆ 9 ದಿನ, 2013ರಲ್ಲಿ 10 ದಿನ. ಚಾನೆಲ್ ಹತ್ತು ದಿನ ಕಪ್ಪಾದರೆ ಜಾಹೀರಾತಿನ ದುಡ್ಡು ಎಷ್ಟು ಹೋಗುತ್ತದೆ ಅಂತ ಲೆಕ್ಕ ಹಾಕುವವರು ಎಲ್ಲ ಆಫೀಸಿನಲ್ಲೂ ಇರುತ್ತಾರೆ. ಅದರ ಮುಂದೆ ಕೋಳಿಯ ಎದೆ ಯಾವ ಲೆಕ್ಕ?

ಈಗ ನಿಮ್ಮ ಎದುರು ಪಕ್ಷದ ಕಥೆ. 2004ರಲ್ಲಿ ಮುಂಬೈಯ ಕಾಲೇಜು ಅಧ್ಯಾಪಕಿ ಪ್ರತಿಭಾ ನೈಥಾನಿ ಅವರು ಟಿವಿಯಲ್ಲಿ ‘ಎ’ ಸಿನಿಮಾ ಬರುತ್ತಿವೆ ಎಂದು ಬಾಂಬೆ ಹೈಕೋರ್ಟಿಗೆ ಹೋದರು. ಕೋರ್ಟ್ ಅವರ ಮಾತು ಒಪ್ಪಿತು. 2006ರಲ್ಲಿ ನಿಯಮವೇ ಬದಲಾಯಿತು. ಎಲ್ಲರೂ ನೋಡಬಹುದು ಎಂದು ಸೆನ್ಸಾರ್ ಮಂಡಳಿ ಹೇಳಿದ ಸಿನಿಮಾ ಮಾತ್ರ ಟಿವಿಗೆ. ‘ಎ’ ಸಿನಿಮಾ ಮಧ್ಯಾಹ್ನವೂ ಇಲ್ಲ, ನಡುರಾತ್ರಿ ಎರಡಕ್ಕೂ ಇಲ್ಲ. ಅವರ ವಾದ ನಾನು ಒಪ್ಪುವುದಿಲ್ಲ. ಆದರೆ ಅವರು ಮಾಡಿದ ಕೆಲಸ ನೋಡಿ. ಬೈಯುತ್ತಾ ಕೂರಲಿಲ್ಲ, ಅರ್ಜಿ ಬರೆದರು. ನಮ್ಮ ಕಡೆಯವರು ಆಗ ಏನು ಮಾಡುತ್ತಿದ್ದರು? ಟಿವಿ ನೋಡುತ್ತಿದ್ದರು!

ಆ ನಿಯಮ ಏನು ಮಾಡುತ್ತದೆ ಅಂತ ನಾನು ಸರಿಯಾಗಿ ಕಂಡಿದ್ದು 2012ರಲ್ಲಿ. ‘ದ ಡರ್ಟಿ ಪಿಕ್ಚರ್’ ಸಿನಿಮಾಗಾಗಿ ವಿದ್ಯಾ ಬಾಲನ್‌ಗೆ ರಾಷ್ಟ್ರಪ್ರಶಸ್ತಿ ಬಂದಿತ್ತು. ಟಿವಿಗೆ ಅಂತ ಅದಕ್ಕೆ 50ಕ್ಕೂ ಹೆಚ್ಚು ಕತ್ತರಿ ಬಿದ್ದವು, ದೊಡ್ಡವರ ಜೊತೆ ಮಕ್ಕಳೂ ನೋಡಬಹುದು ಎನ್ನುವ ‘ಯು/ಎ’ ಸರ್ಟಿಫಿಕೇಟ್ ಸಿಕ್ಕಿತು. ಏಪ್ರಿಲ್ 22, ಭಾನುವಾರ ಹಗಲಲ್ಲೇ ಬರುತ್ತದೆ ಅಂತ ಪ್ರಚಾರ ಆಯಿತು. ಕೊನೇ ಗಳಿಗೆಯಲ್ಲಿ ಸಚಿವಾಲಯ, ರಾತ್ರಿ 11ರ ಮೇಲೆ ಹಾಕಿ ಅಂದಿತು. ಚಾನೆಲ್ ಪ್ರಸಾರವನ್ನೇ ಕೈಬಿಟ್ಟಿತು. ಹುಬ್ಬಳ್ಳಿಯಿಂದ ಅವ್ವ ಫೋನ್ ಮಾಡಿ, “ಅಲ್ಲೋ, ಪ್ರಶಸ್ತಿ ಕೊಟ್ಟವರೂ ಸರ್ಕಾರದವರ, ಬ್ಯಾಡ ಅಂದವರೂ ಸರ್ಕಾರದವರ?” ಅಂತ ಕೇಳಿದ್ದಳು. ನನಗೆ ಉತ್ತರ ಹೊಳೆಯಲಿಲ್ಲ. ಹಗಲಿಗಾಗಿ ಕತ್ತರಿಸಿದ ಸಿನಿಮಾ ರಾತ್ರಿ ಹಾಕಿ ಅಂದರೆ, ರಾತ್ರಿಗೆ ಅಂತ ಉಳಿದದ್ದೇನು?

ಹಾಗಾಗಿ ‘ಸೆನ್ಸಾರ್ ತೊಲಗಲಿ’ ಅಂತ ಬ್ಯಾನರ್ ಹಿಡಿಯಬೇಡಿ. ಒಂದೇ ಒಂದು ಕೇಳಿ: ರಾತ್ರಿಯ ಹೊತ್ತಿಗೆ ಕಾನೂನಿನಲ್ಲಿ ಬೆಲೆ ಬರಲಿ. ಬ್ರಿಟನ್ನಿನಲ್ಲಿ ರಾತ್ರಿ 9ರಿಂದ ಬೆಳಗಿನ 5.30ರವರೆಗೆ ದೊಡ್ಡವರ ಸಮಯ. ಅಲ್ಲಿಯೂ ಏನು ಬೇಕಾದರೂ ಹಾಕುವ ಹಾಗಿಲ್ಲ, ಆದರೆ ಗೆರೆ ಎಲ್ಲಿದೆ ಅಂತ ಎಲ್ಲರಿಗೂ ಗೊತ್ತು. ನಮ್ಮಲ್ಲೂ ಚಾನೆಲ್‌ಗಳೇ ಕಟ್ಟಿಕೊಂಡ ಬಿಸಿಸಿಸಿ ಎಂಬ ಮಂಡಳಿ 2011ರಿಂದ ಇದೆ. ರಾತ್ರಿ 11ರಿಂದ ಬೆಳಗಿನ 5ರವರೆಗೆ ‘ಆರ್’ ವರ್ಗದ, ಅಂದರೆ ಮಕ್ಕಳಿಗೆ ಹೊಂದದ, ಕಾರ್ಯಕ್ರಮಗಳಿಗೆ ಅಂತ ಅದು ಹೇಳುತ್ತದೆ. ಆದರೆ ‘ಎ’ ಸಿನಿಮಾಗೆ ಆ ಹೊತ್ತೂ ಬಾಗಿಲು ಹಾಕಿದೆ. ಇನ್ನೊಂದು ಕಡೆ, 2021ರ ನಿಯಮದ ಪ್ರಕಾರ ಒಟಿಟಿಯಲ್ಲಿ ‘ಎ’ ಅಂತ ಗುರುತು ಹಾಕಿ, ವಯಸ್ಸು ಖಚಿತಪಡಿಸಿಕೊಂಡು ತೋರಿಸಬಹುದು. ಅದೇ ಗೋಡೆ, ಅದೇ ಟಿವಿ, ರಿಮೋಟಿನಲ್ಲಿ ಗುಂಡಿ ಮಾತ್ರ ಬೇರೆ.

ಮಕ್ಕಳ ವಿಷಯ ಬಂದೇ ಬರುತ್ತದೆ. ಅದನ್ನು ನಕ್ಕು ತಳ್ಳಿಹಾಕಬೇಡಿ. ಒಂದೇ ಕೋಣೆಯ ಮನೆಯಲ್ಲಿ ಎಲ್ಲರೂ ಟಿವಿ ಮುಂದೆಯೇ ಮಲಗುತ್ತಾರೆ, 11 ಗಂಟೆ ಅನ್ನುವುದು ಅವರಿಗೆ ಅರ್ಥವಿಲ್ಲದ ಮಾತು. 2004ರ ಕೇಬಲ್ ವೈರಿನಲ್ಲಿ ಬೀಗ ಹಾಕುವುದಕ್ಕೆ ದಾರಿಯೂ ಇರಲಿಲ್ಲ. ಆಮೇಲೆ ಸೆಟ್‌ಟಾಪ್ ಬಾಕ್ಸ್ ಕಡ್ಡಾಯವಾಯಿತು. ಬೆಂಗಳೂರು, ಮೈಸೂರಿಗೆ 2013ರ ಮಾರ್ಚ್ ಗಡುವು, ಹಳ್ಳಿಗಳಿಗೆ 2017ರದ್ದು. ಬಾಕ್ಸಿನಲ್ಲಿ ಪಿನ್ ಹಾಕಿ ಚಾನೆಲ್ ಲಾಕ್ ಮಾಡುವ ಸೌಲಭ್ಯ ಇರುತ್ತದೆ. ಅದನ್ನು ಹೇಗೆ ಹಾಕುವುದು ಅಂತ ನಿಮ್ಮ ಅಭಿಯಾನವೇ ಮನೆಮನೆಗೆ ಹೇಳಿಕೊಡಲಿ. ನಿಮ್ಮ ಮಾತಿಗೆ ತೂಕ ಬರುತ್ತದೆ. ಕೋರ್ಟಿನ ಬೆಂಬಲವೂ ಸ್ವಲ್ಪ ಇದೆ. 2006ರ ಅಜಯ್ ಗೋಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಕ್ಕಳಿಗೆ ಹೊಂದುವುದನ್ನಷ್ಟೇ ಹಾಕಿ ಅಂತ ಪತ್ರಿಕೆಗಳನ್ನು ಕಟ್ಟಿಹಾಕಿದರೆ ದೊಡ್ಡವರಿಗೆ ಓದಲು ಸಿಗುವುದು ತಪ್ಪುತ್ತದೆ ಅಂದಿತು. ಅದು ಪತ್ರಿಕೆಯ ಮಾತು, ಟಿವಿಯದ್ದಲ್ಲ. ಆದರೂ ಕೈಯಲ್ಲಿರಲಿ.

ಇನ್ನೊಂದು. ಬರೀ ಪ್ರಶಸ್ತಿ ಸಿನಿಮಾ ಹೆಸರು ಹೇಳಿಕೊಂಡು ಹೋಗಬೇಡಿ. ಕಲೆ ಅಂದರೆ ಎಲ್ಲರೂ ತಲೆಯಾಡಿಸುತ್ತಾರೆ. ದೊಡ್ಡವರಿಗೆ ಸುಮ್ನೆ ಪೋಲಿ ಜೋಕು ಕೇಳುವುದಕ್ಕೂ ಹಕ್ಕಿದೆ ಅಲ್ವಾ? ಅದನ್ನು ಹೇಳುವಾಗಲೇ ನಮ್ಮವರ ದನಿ ಸಣ್ಣದಾಗುತ್ತದೆ.

ಕೊನೆಗೆ ಕೆಲಸದ ಮಾತು. ಟಿವಿಯ ಕೆಳಗೆ ಒಂದು ಪಟ್ಟಿ ಓಡುತ್ತದೆ: ಆಕ್ಷೇಪಾರ್ಹ ಅನ್ನಿಸಿದರೆ ದೂರು ಕೊಡಿ ಅಂತ. ಆರು ವರ್ಷದಲ್ಲಿ ನಾನು ನೋಡಿದ ಪತ್ರಗಳೆಲ್ಲ ‘ಯಾಕೆ ತೋರಿಸಿದಿರಿ’ ಅನ್ನುವವೇ. ‘ಯಾಕೆ ಕತ್ತರಿಸಿದಿರಿ’ ಅಂತ ಒಂದೂ ಬರಲಿಲ್ಲ. ಮೀಟಿಂಗಿನಲ್ಲಿ ‘ಜನ ಒಪ್ಪಲ್ಲ’ ಅಂದಾಗ ಅದಕ್ಕೆ ಸಾಕ್ಷಿ ಆ ಫೈಲು. 2021ರ ನಿಯಮದಂತೆ ಪ್ರೋಗ್ರಾಂ ಕೋಡ್ ಮೀರಿದರು ಎಂಬ ದೂರಿಗೆ ಚಾನೆಲ್ 15 ದಿನದಲ್ಲಿ ಉತ್ತರ ಕೊಡಬೇಕು. ಜಾಸ್ತಿ ಕತ್ತರಿಸುವುದು ಕೋಡ್ ಮೀರಿದಂತಲ್ಲ, ಹಾಗಾಗಿ ನಿಮಗೆ ಉತ್ತರ ಬರದೇ ಇರಬಹುದು. ಆದರೂ ಬರೆಯಿರಿ. ಸಚಿವಾಲಯ ಕರಡು ಹೊರಡಿಸಿ ಅಭಿಪ್ರಾಯ ಕೇಳಿದಾಗಲೂ ಬರೆಯಿರಿ. 2023ರ ನವೆಂಬರಿನಲ್ಲಿ ಪ್ರಸಾರ ಮಸೂದೆಗೆ ಹಾಗೆ ಕೇಳಿದ್ದರು. ನಕಲು ಮಾಡಿದ ಪತ್ರ ನೂರು ಬಂದರೂ ಒಂದೇ ಅಂತ ಪಕ್ಕಕ್ಕಿಡುತ್ತಿದ್ದೆವು, ನಿಮ್ಮದೇ ಮಾತಿನಲ್ಲಿ ಬರೆಯಿರಿ. ಕಾರ್ಯಕ್ರಮದ ಹೆಸರು, ತಾರೀಖು, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಏನು ಮಾಯವಾಯಿತು, ಎಲ್ಲ ಇರಲಿ. ಪ್ರಸಾರ ಮಾಡಿದ್ದನ್ನು ಚಾನೆಲ್‌ಗಳು 90 ದಿನ ಮಾತ್ರ ಕಾಪಿಡಬೇಕು. ಅದರೊಳಗೆ ಬರೆದರೆ ಯಾರಾದರೂ ತೆಗೆದು ನೋಡುತ್ತಾರೆ.