ನಿದ್ದೆ ಕಡಿಮೆಯಾದರೆ ಕಿಡ್ನಿ ಹಾಳಾಗುತ್ತದೆಯೇ?

ಒಂದೆರಡು ರಾತ್ರಿ ನಿದ್ದೆಗೆಟ್ಟರೆ ಕಿಡ್ನಿಗೆ ಏನೂ ಆಗುವುದಿಲ್ಲ. ವರ್ಷಗಟ್ಟಲೆ ಹಾಗೇ ಕಳೆಯುವವರ ಮಾತು ಬೇರೆ. ಅಮೆರಿಕದಲ್ಲಿ 4,000ಕ್ಕೂ ಹೆಚ್ಚು ನರ್ಸ್‌ಗಳನ್ನು 11 ವರ್ಷ ಗಮನಿಸಿದಾಗ, 7-8 ಗಂಟೆ ಮಲಗುವವರಿಗಿಂತ 5 ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗುವವರಲ್ಲಿ ಕಿಡ್ನಿಯ ಶಕ್ತಿ ಬೇಗ ಕುಗ್ಗಿದ್ದು ಕಂಡಿತು. ನಿದ್ದೆಯೇ ಕಾರಣ ಅಂತ ಇದರಿಂದ ಸಾಬೀತಾಗದು, ನಂಟಿದೆ, ಅಷ್ಟೇ.

ಆ ನಂಟಿನ ಒಂದು ಎಳೆ ಬಿ.ಪಿ. ನಿದ್ದೆಯಲ್ಲಿ ಬಿ.ಪಿ. ಸಾಮಾನ್ಯವಾಗಿ ಶೇ. 10-20ರಷ್ಟು ಇಳಿಯುತ್ತದೆ, ಕಿಡ್ನಿಯ ನವಿರು ರಕ್ತನಾಳಗಳಿಗೆ ಅದೇ ಬಿಡುವು. ನಿದ್ದೆ ಕೆಟ್ಟರೆ ಆ ಇಳಿತವೂ ಕೆಡುತ್ತದೆ. ಗೊರಕೆಯ ನಡುವೆ ಉಸಿರು ಕಟ್ಟುವ ಸ್ಲೀಪ್ ಅಪ್ನಿಯಾದಲ್ಲಿ ರಕ್ತದ ಆಮ್ಲಜನಕವೂ ಕುಸಿಯುತ್ತದೆ. ನಮ್ಮಲ್ಲಿ ಗೊರಕೆ ಹೊಡೆದರೆ 'ಒಳ್ಳೇ ನಿದ್ದೆ' ಅನ್ನುತ್ತಾರೆ, ಏನು ಹೇಳೋಣ!

ಉಲ್ಟಾ ಕೂಡ ಆಗುತ್ತದೆ. ನಮ್ಮ ಮಾವನವರು ರಾತ್ರಿ ಮೂರು ಸಲ ಮೂತ್ರಕ್ಕೆ ಏಳುತ್ತಿದ್ದರು. ವಯಸ್ಸಾಯಿತಲ್ಲ ಅಂತ ಸುಮ್ಮನಿದ್ದೆವು. ರಕ್ತ ಪರೀಕ್ಷೆ ಮಾಡಿಸಿದರೆ ಕ್ರಿಯೇಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ) 2 ದಾಟಿತ್ತು, ಅಂದರೆ ಕಿಡ್ನಿ ಸೋತಿತ್ತು. ಸೋತ ಕಿಡ್ನಿಗೆ ರಾತ್ರಿ ಮೂತ್ರವನ್ನು ಗಟ್ಟಿಮಾಡಿ ಇಟ್ಟುಕೊಳ್ಳಲು ಆಗುವುದಿಲ್ಲ, ಅದೇ ನಿದ್ದೆಗೆಡಿಸುತ್ತದೆ. ಶುಗರ್, ಬಿ.ಪಿ. ಇರುವವರು ವರ್ಷಕ್ಕೊಮ್ಮೆ ಕ್ರಿಯೇಟಿನಿನ್ ಜೊತೆಗೆ ಮೂತ್ರದ ಆಲ್ಬುಮಿನ್ (ಮೂತ್ರದಲ್ಲಿ ಸೋರುವ ಪ್ರೋಟೀನ್) ಪರೀಕ್ಷೆಯನ್ನೂ ಮಾಡಿಸಿ.