ಓದುಗರ ಪ್ರಶ್ನೆ: ಧರ್ಮಸ್ಥಳಕ್ಕೆ ಹೊರಡುವ ಮುನ್ನ ಒಮ್ಮೆ ಘಾಟಿ ಇಳಿಯಿರಿ

ಪ್ರಶ್ನೆ: ನಾನು ತೀರ್ಥಹಳ್ಳಿ ಸಮೀಪದ ಹಳ್ಳಿಯವಳು, ವಯಸ್ಸು 47. ಈ ಶಿವರಾತ್ರಿಗೆ ನಮ್ಮೂರಿನ ಹದಿನಾಲ್ಕು ಮಂದಿ ಕೊಪ್ಪ, ಬಾಳೆಹೊನ್ನೂರು, ಕೊಟ್ಟಿಗೆಹಾರದ ಮೇಲೆ ಹಾದು, ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ನಡೆದು ಹೋಗುವುದೆಂದು ನಿಶ್ಚಯಿಸಿದ್ದೇವೆ. ದಿನಕ್ಕೆ 25 ಕಿ.ಮೀ. ಎಂಬುದು ಹಿರಿಯರ ಲೆಕ್ಕ. ಮೂರು ವರ್ಷದಿಂದ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಬರಿಗಾಲಿನಲ್ಲಿ ನಡೆದರೆ ಮಾತ್ರ ಹರಕೆ ಸಲ್ಲುತ್ತದೆ ಎಂದು ಅತ್ತೆಯವರು ಹೇಳುತ್ತಾರೆ. ಅಡಿಕೆ ಕೊಯಿಲು ಮುಗಿಯುತ್ತ ಬಂದಿದೆ, ಇನ್ನು ಆರು ವಾರ ಸಮಯವಿದೆ. ಹೇಗೆ ಸಿದ್ಧಳಾಗಲಿ?

ಉತ್ತರ: ತೋಟದ ಏರುತಗ್ಗುಗಳಲ್ಲಿ ದಿನವಿಡೀ ಓಡಾಡುವ ನಿಮಗೆ ಹತ್ತುವುದನ್ನು ಯಾರೂ ಕಲಿಸಬೇಕಾಗಿಲ್ಲ. ಆದರೆ ಕೊಟ್ಟಿಗೆಹಾರದಿಂದ ಚಾರ್ಮಾಡಿಯವರೆಗಿನ 20 ಕಿ.ಮೀ.ಗೂ ಮಿಕ್ಕ ಘಾಟಿ ರಸ್ತೆಯ ಇಳಿಜಾರು ಬೇರೆಯದೇ ಪರೀಕ್ಷೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆದು ಹಿಡಿಯಬೇಕಾಗುತ್ತದೆ. ಅದರ ನೋವು ಆ ಕ್ಷಣಕ್ಕೆ ಕಾಣದೆ ಮರುದಿನ, ಮೂರನೆಯ ದಿನ ಏರುತ್ತದೆ. ಎಂದರೆ ಕಕ್ಕಿಂಜೆ, ಉಜಿರೆ ದಾಟಿ, ಇನ್ನೇನು ದೇವಸ್ಥಾನ ಬಂತು ಎನ್ನುವಷ್ಟರಲ್ಲಿ ಕಾಲು ಮಾತು ಕೇಳುವುದಿಲ್ಲ. ಒಮ್ಮೆ ಇಳಿದು ಪಳಗಿದ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟಾಗಿ ನೋಯುವುದಿಲ್ಲವಾದ್ದರಿಂದ, ಹೊರಡುವುದಕ್ಕೆ ಎರಡು ವಾರ ಮುಂಚೆ ತಂಡದವರೆಲ್ಲ ಕೂಡಿ ಆಗುಂಬೆಯಿಂದ ಸೋಮೇಶ್ವರಕ್ಕೆ ಬೆಳಗಿನ ಹೊತ್ತು ಘಾಟಿ ಇಳಿದು, ಬಸ್ಸಿನಲ್ಲಿ ಮರಳಿ ಬನ್ನಿ. ಆ ಹದಿನಾಲ್ಕು ತಿರುವುಗಳು ನಿಮ್ಮ ಚಪ್ಪಲಿ, ಬೂಟು, ಮಂಡಿ ಎಲ್ಲದರ ಗುಣದೋಷವನ್ನೂ ಹೇಳಿಬಿಡುತ್ತವೆ. ಇಳಿಯುವಾಗ ಹೆಜ್ಜೆ ಚಿಕ್ಕದಿರಲಿ, ಮಂಡಿ ತುಸು ಬಾಗಿರಲಿ. ಬೂಟಿನ ದಾರವನ್ನು ಕಣಕಾಲಿನ ಬಳಿ ಬಿಗಿದು ಕಟ್ಟಿದರೆ ಬೆರಳುಗಳು ಮುಂದಕ್ಕೆ ಜಾರಿ ಉಗುರು ಕಪ್ಪಾಗುವುದು ತಪ್ಪುತ್ತದೆ.

ಉಳಿದ ವಾರಗಳಲ್ಲಿ ವಾರಕ್ಕೆ ನಾಲ್ಕು ದಿನ ಐದಾರು ಕಿ.ಮೀ., ಭಾನುವಾರ ಹತ್ತರಿಂದ ಆರಂಭಿಸಿ ಹದಿನೆಂಟರವರೆಗೆ ಬೆಳೆಸುತ್ತ ಹೋದರೆ ಸಾಕು. ಯಾತ್ರೆಗೆಂದು ಹೊಸ ಬೂಟು ಕೊಂಡು ಹೊರಡುವ ದಿನವೇ ತೊಡುವವರನ್ನು ಪ್ರತಿ ವರ್ಷ ಕಾಣುತ್ತೇನೆ. ಎರಡನೆಯ ದಿನ ಅವರು ಸಾಮಾನಿನ ಜೀಪಿನಲ್ಲಿ ಕೂತಿರುತ್ತಾರೆ. ನಡೆದು ಕಾಲು ಊದಿಕೊಳ್ಳುವುದರಿಂದ ಬೂಟನ್ನು ಸಂಜೆಯ ಹೊತ್ತು, ಹೆಬ್ಬೆರಳಿನ ಮುಂದೆ ಒಂದಿಷ್ಟು ಜಾಗ ಉಳಿಯುವಂತೆ ನೋಡಿ ಕೊಳ್ಳಬೇಕು. ಬೊಬ್ಬೆ ಏಳುವುದು ಉಜ್ಜಾಟ ಮತ್ತು ಬೆವರಿನ ತೇವ ಸೇರಿದಾಗ. ಚರ್ಮ ಬಿಸಿಯಾಗಿ ಚುರುಗುಟ್ಟಿದ ಕೂಡಲೇ ಕೂತು, ಒರೆಸಿ, ಔಷಧದಂಗಡಿಯಲ್ಲಿ ಸಿಗುವ ಕಾಗದದ ಪಟ್ಟಿ ಅಂಟಿಸಿ, ಕಾಲುಚೀಲ ಬದಲಿಸಿ. ಬೊಬ್ಬೆ ಎದ್ದಮೇಲೆ ಅದರ ಚರ್ಮವನ್ನು ಕೀಳಬೇಡಿ.

ಇನ್ನು ಬರಿಗಾಲಿನ ಮಾತು. ಸಕ್ಕರೆ ಕಾಯಿಲೆಯಲ್ಲಿ ಪಾದದ ಸ್ಪರ್ಶಜ್ಞಾನ ಮೆಲ್ಲನೆ ಕುಂದುತ್ತದೆ. ಮುಳ್ಳು ಚುಚ್ಚಿದ್ದು, ಮಧ್ಯಾಹ್ನದ ಡಾಂಬರು ಸುಟ್ಟದ್ದು ತಿಳಿಯದೆಯೇ ಹುಣ್ಣಾಗಬಹುದು, ಆ ಹುಣ್ಣು ಬೇಗ ಮಾಯುವುದಿಲ್ಲ. ಆದ್ದರಿಂದ ಇಷ್ಟು ದೂರ ಬರಿಗಾಲಿನಲ್ಲಿ ನಡೆಯಲು ನಾನು ಒಪ್ಪಲಾರೆ. ನೇತ್ರಾವತಿಯಲ್ಲಿ ಮಿಂದ ಮೇಲೆ ದೇಗುಲದವರೆಗಿನ ದಾರಿಯನ್ನು, ಬಿಸಿಲೇರುವ ಮುಂಚೆ, ಬರಿಗಾಲಿನಲ್ಲಿ ನಡೆಯುವುದಾಗಿ ಅತ್ತೆಯವರಲ್ಲಿ ವಿನಯದಿಂದ ಕೇಳಿಕೊಳ್ಳಿ. ಮಂಜುನಾಥನಿಗೆ ಮುಡಿಪು ಕಟ್ಟಿದ ಹಿರಿಯರು ಸೊಸೆಯ ಪಾದದ ಮೇಲೆ ಹಟ ಹಿಡಿಯಲಾರರು ಎಂದು ನನ್ನ ನಂಬಿಕೆ. ಹೊರಡುವ ಮೊದಲು ವೈದ್ಯರಿಗೆ ಪಾದ ತೋರಿಸಿ, ನಡೆಯುವ ದಿನಗಳಲ್ಲಿ ಮಾತ್ರೆಯ ಪ್ರಮಾಣ ಬದಲಿಸಬೇಕೇ ಎಂದು ಕೇಳಿ. ಶಿವರಾತ್ರಿಯ ಉಪವಾಸ ಯಾತ್ರೆಯ ಕೊನೆಯ ದಿನಕ್ಕೇ ಬೀಳುವುದರಿಂದ ಈ ಪ್ರಶ್ನೆ ಇನ್ನೂ ಮುಖ್ಯ. ಮಾತ್ರೆ ನುಂಗಿ, ಉಣ್ಣದೆ ಮೈಲಿಗಟ್ಟಲೆ ನಡೆದರೆ ಸಕ್ಕರೆ ಒಮ್ಮೆಲೇ ಇಳಿದು ಕೈಕಾಲು ನಡುಗಿ, ತಲೆ ಸುತ್ತಿ ಬೀಳುವ ಅಪಾಯವಿದೆ. ಬೆಲ್ಲದ ತುಂಡೊಂದು ಸೆರಗಿನಲ್ಲೇ ಇರಲಿ, ಪಕ್ಕದಲ್ಲಿ ನಡೆಯುವವರಿಗೂ ವಿಷಯ ತಿಳಿದಿರಲಿ.

ಮಲೆನಾಡಿನವರಿಗೆ ಹೇಳಲೇಬೇಕಾದ ಇನ್ನೊಂದು ಸಂಗತಿ ಉಣುಗಿನದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ, ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆಯ ಹಾವಳಿ ಹೆಚ್ಚುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ, ಪಾದಯಾತ್ರೆಯೂ ಅದೇ ಕಾಲದ್ದು. ದಾರಿ ಹತ್ತಿರವಾಗುತ್ತದೆಂದು ಕಾಡಿನ ಒಳದಾರಿ ಹಿಡಿಯುವುದು, ಒಣಗಿದ ದರಗಿನ ಮೇಲೆ ಟವೆಲ್ ಹಾಸಿ ಮಲಗುವುದು ಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಣುಗನ್ನು ದೂರವಿಡುವ ಡೆಪಾ ತೈಲ ಕೇಳಿ ಪಡೆದು ಕೈಕಾಲಿಗೆ ಹಚ್ಚಿಕೊಳ್ಳಿ, ತಂಗಿದಲ್ಲಿ ಮೈ ನೋಡಿಕೊಳ್ಳಿ. ಮರಳಿದ ಒಂದೆರಡು ವಾರದಲ್ಲಿ ದಿಢೀರನೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಅದನ್ನು ನಡೆದ ಆಯಾಸವೆಂದು ತಳ್ಳಿಹಾಕದೆ ವೈದ್ಯರಲ್ಲಿ ಹೋಗಿ ಕಾಡುದಾರಿಯಲ್ಲಿ ಬಂದದ್ದನ್ನು ಮರೆಯದೆ ಹೇಳಿ.

ಪ್ರಶ್ನೆ: ರಾತ್ರಿ ಇಯರ್‌ಫೋನ್ ಹಾಕಿಕೊಂಡು ಭಕ್ತಿಗೀತೆ ಕೇಳುತ್ತ ನಡೆಯಬಹುದೇ? (ಶಿವಮೊಗ್ಗದ ಕಾಲೇಜು ವಿದ್ಯಾರ್ಥಿ)

ಉತ್ತರ: ಬೇಡ. ಘಾಟಿಯ ಮಂಜಿನಲ್ಲಿ ತಿರುವಿನಾಚೆಯ ಲಾರಿ ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಎದುರಿನಿಂದ ಬರುವ ವಾಹನ ಕಾಣುವಂತೆ ರಸ್ತೆಯ ಬಲ ಅಂಚಿನಲ್ಲಿ ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಮೊದಲಿನವರ ಮತ್ತು ಕೊನೆಯವರ ಕೈಯಲ್ಲಿ ಟಾರ್ಚ್, ಎಲ್ಲರ ಬೆನ್ನ ಮೇಲೆ ಬೆಳಕಿಗೆ ಹೊಳೆಯುವ ಪಟ್ಟಿ ಇರಲಿ. ಹಾಡಬೇಕೆನಿಸಿದರೆ ಬಾಯಿಬಿಟ್ಟೇ ಹಾಡಿ, ಹಿಂದೆ ಬಿದ್ದವರಿಗೂ ತಂಡ ಎಲ್ಲಿದೆಯೆಂದು ತಿಳಿಯುತ್ತದೆ.