ಮೂರು ಕಾರಿಗೂ ಜಾಗ ಇದೆ, ಗೇಟು ಬಿಡುತ್ತಿಲ್ಲ

ಪ್ರಶ್ನೆ: ಬೆಂಗಳೂರಿನ ವಿಜಯನಗರದಲ್ಲಿ ನಮ್ಮದು 30×40 ಸೈಟಿನ ಮನೆ. ಕೆಳಗೆ ಹಿಂಭಾಗದಲ್ಲಿ ಬಾಡಿಗೆ ಮನೆ, ಮುಂದೆ ಪಾರ್ಕಿಂಗ್. ಅದು 18 ಅಡಿ ಅಗಲ, 21 ಅಡಿ ಉದ್ದ, ಸೀಲಿಂಗ್ 9 ಅಡಿ. ಪಕ್ಕದಲ್ಲಿ ಮೆಟ್ಟಿಲು ಮತ್ತು ಓಣಿ. ಗೇಟು 10 ಅಡಿ, ಒಳಕ್ಕೆ ತೆರೆಯುತ್ತದೆ. ನನ್ನ ಕ್ರೆಟಾ, ಹೆಂಡತಿಯ ವ್ಯಾಗನ್‌ಆರ್, ಹೋದ ವರ್ಷ ತೀರಿಕೊಂಡ ಅಪ್ಪನ 1998ರ ಮಾರುತಿ 800 ಇವೆ. ಯಾವುದಾದರೂ ಒಂದು ರಸ್ತೆಯಲ್ಲೇ ನಿಲ್ಲುತ್ತದೆ. ಅಕ್ಕಪಕ್ಕದವರ ಜೊತೆ ದಿನಾ ಕಿರಿಕಿರಿ. 800ರ ಆರ್‌ಸಿ ಇನ್ನೂ ಅಪ್ಪನ ಹೆಸರಲ್ಲೇ ಇದೆ. ಅದನ್ನು ಮಾರಲು ಅಮ್ಮ ಬಿಡುತ್ತಿಲ್ಲ. ಒಂದರ ಮೇಲೊಂದು ಕಾರು ನಿಲ್ಲಿಸುವ ಹೈಡ್ರಾಲಿಕ್ ಲಿಫ್ಟ್ ಹಾಕಿಸಬಹುದಾ?

ಉತ್ತರ: ಲಿಫ್ಟಿನ ಆಸೆ ಬಿಡಿ. 9 ಅಡಿ ಅಂದರೆ ಸುಮಾರು 2.74 ಮೀಟರ್. ವ್ಯಾಗನ್‌ಆರ್ ಎತ್ತರ 1.67 ಮೀಟರ್, 800ರದ್ದು 1.4 ಮೀಟರ್. ಇವೆರಡೇ ಸೇರಿ ಮೂರು ಮೀಟರ್ ದಾಟಿದವು. ನಡುವಿನ ಕಬ್ಬಿಣದ ತಟ್ಟೆಯ ದಪ್ಪ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಕಡಿಮೆ ಸೀಲಿಂಗಿಗೆ ಕಾರನ್ನು ಓರೆಯಾಗಿ ಎತ್ತುವ ಲಿಫ್ಟೂ ಬರುತ್ತದೆ, ನಿಜ. ಆದರೆ ಅದರ ಕಂಬಗಳಿಗೆ ಗಟ್ಟಿ ಕಾಂಕ್ರೀಟ್ ನೆಲ ಬೇಕು. ನಮ್ಮೂರಿನ ಮನೆಗಳಲ್ಲಿ ಪಾರ್ಕಿಂಗ್ ಕೆಳಗೆ ಏನಿರುತ್ತದೆ ಹೇಳಿ? ಸಂಪು. ಸಂಪಿನ ಸ್ಲ್ಯಾಬಿಗೆ ಬೋಲ್ಟ್ ಹೊಡೆಸುವ ಸಾಹಸ ಬೇಡ.

ನಿಮ್ಮ ಅಳತೆ ಓದಿದಾಗ ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಗೇಟು. 10 ಅಡಿ ಗೇಟಿನ ಎರಡು ಬಾಗಿಲು ಒಳಕ್ಕೆ ತಿರುಗಿದರೆ ಒಂದೊಂದೂ 5 ಅಡಿ ಜಾಗ ತಿನ್ನುತ್ತದೆ. 21 ಅಡಿ ಉದ್ದ ಅಂದುಕೊಂಡಿದ್ದೀರಿ, ನಿಮಗೆ ನಿಜವಾಗಿ ಸಿಗುತ್ತಿರುವುದು 16 ಅಡಿ. ಅದರ ಮೇಲೆ, ಕ್ರೆಟಾದ ಅಗಲ 1.79 ಮೀಟರ್, ವ್ಯಾಗನ್‌ಆರ್‌ದು 1.62. ಎರಡೂ ಸೇರಿ 3.41 ಮೀಟರ್. 10 ಅಡಿ ಗೇಟು ಅಂದರೆ 3.05 ಮೀಟರ್. ಅಂದರೆ ಎರಡನೇ ಕಾರು ಯಾವಾಗಲೂ ಸೊಂಟ ತಿರುಗಿಸಿಕೊಂಡೇ ಒಳಗೆ ಬರಬೇಕು. ಕಂಪನಿಯವರು ಹೇಳುವ ಅಗಲದಲ್ಲಿ ಸಾಮಾನ್ಯವಾಗಿ ಕನ್ನಡಿ ಸೇರಿರುವುದಿಲ್ಲ, ಅದೂ ನೆನಪಿರಲಿ. ಬಂಪರಿನ ಮೂಲೆಗಳಲ್ಲಿ ಗೀರು ಬಿದ್ದಿರಲೇಬೇಕು ಅಲ್ವಾ?

ಹಾಗಾಗಿ ಖರ್ಚು ಮಾಡುವುದಿದ್ದರೆ ಗೇಟಿಗೆ ಮಾಡಿ. 15 ಅಡಿಗೆ ಅಗಲ ಮಾಡಿಸಿ. ಒಂದೇ ಹಲಗೆಯ ಸ್ಲೈಡಿಂಗ್ ಗೇಟಿಗೆ ಪಕ್ಕದಲ್ಲಿ ಅಷ್ಟೇ ಉದ್ದದ ಗೋಡೆ ಬೇಕು. ನಿಮ್ಮ ಮುಂಭಾಗ ಒಟ್ಟು 30 ಅಡಿ, ಅದರಲ್ಲೇ ಮೆಟ್ಟಿಲಿಗೂ ದಾರಿ ಬಿಡಬೇಕು. ಅದು ಆಗುವುದಿಲ್ಲ. ಒಂದರ ಹಿಂದೊಂದು ಸರಿಯುವ ಎರಡು ಹಲಗೆಯದ್ದೋ, ಮಡಚುವ ನಾಲ್ಕು ಹಲಗೆಯದ್ದೋ ಮಾಡಿಸಿ. ರಸ್ತೆ ಕಡೆಗೆ ತೆರೆಯುವ ಗೇಟು ಮಾತ್ರ ಬೇಡ, ಹೋಗಿಬರುವವರ ಮೈಗೆ ತಾಗುತ್ತದೆ.

ಇನ್ನು ನಿಲ್ಲಿಸುವ ವಿಧಾನ. ರಸ್ತೆಯಲ್ಲಿ ನಿಂತು ಮನೆ ನೋಡಿ. ಬಲಗಡೆಯ ಕಾರು ರಿವರ್ಸಲ್ಲಿ ಒಳಗೆ ಬರಲಿ, ಮೂತಿ ರಸ್ತೆಗೆ. ಎಡಗಡೆಯದ್ದು ನೇರವಾಗಿ ಬರಲಿ, ಮೂತಿ ಮನೆಗೆ. ಆಗ ಎರಡೂ ಕಾರಿನ ಡ್ರೈವರ್ ಬಾಗಿಲು ನಡುವಿನ ಜಾಗಕ್ಕೇ ತೆರೆಯುತ್ತವೆ. ಎರಡನ್ನೂ ಗೋಡೆಯಿಂದ ಬರೀ 20 ಸೆಂಟಿಮೀಟರ್ ದೂರಕ್ಕೆ ಸರಿಸಿ ನಿಲ್ಲಿಸಬಹುದು. ನಡುವೆ ಐದೂವರೆ ಅಡಿ ಉಳಿಯುತ್ತದೆ. ಕನ್ನಡಿ ಮಡಚಿದರೆ ಸ್ಕೂಟರ್ ಆರಾಮಾಗಿ ಓಡಾಡುತ್ತದೆ. ಉಳಿದವರು ಕಾರು ಹೊರಗೆ ಬಂದ ಮೇಲೆ ಹತ್ತಲಿ. ಬೆಳಿಗ್ಗೆ ಮೊದಲು ಹೊರಡುವ ಕಾರು ಬಲಗಡೆ ಇರಲಿ, ಅವಸರದಲ್ಲಿ ರಸ್ತೆಗೆ ರಿವರ್ಸ್ ತೆಗೆಯುವ ಕೆಲಸ ತಪ್ಪುತ್ತದೆ. ಚಕ್ರ ನಿಲ್ಲಬೇಕಾದ ಕಡೆ ನೆಲಕ್ಕೆ ಒಂದು ಮರದ ರೀಪರ್ ಹೊಡೆಸಿ. ಸೆನ್ಸರಿನ ಕೀಂ ಕೀಂಗಿಂತ ಅದು ವಾಸಿ.

ಆಮೇಲೆ 800. ಅಕ್ಕಪಕ್ಕ ಮೂರು ಕಾರು ನಿಲ್ಲಿಸಲು ಹೋದರೆ ಎಲ್ಲ ಸಂದು ಸೇರಿ ಎರಡಡಿ ಉಳಿಯುತ್ತದೆ, ಯಾವ ಬಾಗಿಲೂ ತೆರೆಯುವುದಿಲ್ಲ. ವ್ಯಾಗನ್‌ಆರ್ ಮತ್ತು 800 ಹಿಂದೆ ಮುಂದೆ ನಿಂತರೆ ಏಳು ಮೀಟರ್ ಬೇಕು. ನಿಮ್ಮಲ್ಲಿರುವುದು 6.4. ಆದರೆ 800 ಅನ್ನು ಹಿಂದಿನ ಗೋಡೆಗೆ ಅಡ್ಡಡ್ಡ ನಿಲ್ಲಿಸಿದರೆ? ಅದರ ಅಗಲ 1.44 ಮೀಟರ್, ಕ್ರೆಟಾದ ಉದ್ದ 4.3. ಎರಡೂ ಸೇರಿ 5.74. ಇನ್ನೂ ಎರಡಡಿ ಮಿಗುತ್ತದೆ. ಗೋಡೆಯ ಪಕ್ಕ ಏಳಡಿ ಬೇರೆ ಉಳಿಯುತ್ತದೆ, ಬಾಡಿಗೆಯವರ ಸ್ಕೂಟರಿಗೆ ಆಯಿತು.

ಅಡ್ಡ ತಿರುಗಿಸುವುದು ಹೇಗೆ? ಚಕ್ರದ ಕೆಳಗಿಡುವ ಸಣ್ಣ ಟ್ರಾಲಿಗಳು ಬರುತ್ತವೆ. ಮಿಕ್ಕ ಎರಡು ಕಾರು ಹೊರಗೆ ತೆಗೆದು, 800 ಒಳಗೆ ತಂದು, ಜಾಕ್ ಹಾಕಿ ನಾಲ್ಕೂ ಚಕ್ರ ಟ್ರಾಲಿ ಮೇಲಿಟ್ಟು ತಿರುಗಿಸಿ. ಈ ಕಾರು ಸುಮಾರು 650 ಕೆ.ಜಿ. ಅಷ್ಟೇ, ಇಬ್ಬರು ತಳ್ಳಿದರೆ ಸಾಕು. ಎರಡು ಎಚ್ಚರ. ನಿಮ್ಮದು ಗೆರೆ ಇರುವ ಪಾರ್ಕಿಂಗ್ ಟೈಲ್ಸ್ ಆಗಿದ್ದರೆ ಟ್ರಾಲಿಯ ಪುಟ್ಟ ಗಾಲಿ ಸಿಕ್ಕಿಕೊಳ್ಳುತ್ತದೆ, ಅಡಿಗೆ ಪ್ಲೈವುಡ್ ಹಾಸಿ. ಮಳೆನೀರು ಹೋಗಲಿ ಅಂತ ನಮ್ಮ ಪಾರ್ಕಿಂಗ್ ನೆಲ ಗೇಟಿನ ಕಡೆ ಇಳಿಜಾರು ಇರುತ್ತದೆ. ಟ್ರಾಲಿ ಮೇಲಿನ ಕಾರಿಗೆ ಅದೊಂದು ಜಾರುಬಂಡೆ. ತಳ್ಳುವಾಗ ಒಬ್ಬರು ಇಳಿಜಾರಿನ ಕಡೆ ಮರದ ಅಡ್ಡೆ ಹಿಡಿದೇ ಇರಬೇಕು. ಜಾಗಕ್ಕೆ ಬಂದ ಮೇಲೆ ಟ್ರಾಲಿ ತೆಗೆದು ನೆಲಕ್ಕೆ ಇಳಿಸಿಬಿಡಿ.

ಇಷ್ಟೆಲ್ಲ ಮಾಡುವ ಮುಂಚೆ ಸೀಮೆಸುಣ್ಣದಲ್ಲಿ ಮೂರೂ ಕಾರನ್ನು ನೆಲದ ಮೇಲೆ ಬರೆದು ನೋಡಿ. ಸಂಪಿನ ಮುಚ್ಚಳ ಎಲ್ಲಿ ಬರುತ್ತದೆ ಅಂತಲೂ ನೋಡಿ. ಒಬ್ಬರ ಮನೆಯಲ್ಲಿ ಎಲ್ಲ ಚೆನ್ನಾಗಿ ಹೊಂದಿಸಿಕೊಟ್ಟು ಬಂದಿದ್ದೆ. ಮುಚ್ಚಳದ ಮೇಲೇ ಕಾರು. ವಾರದೊಳಗೆ ನೀರಿನ ಟ್ಯಾಂಕರ್ ಬಂದು ಪೈಪ್ ಹಿಡಿದು ನಿಂತಾಗ ಆ ಮನೆಯ ಯಜಮಾನಿ ನನಗೆ ಫೋನ್ ಮಾಡಿದರು. ಏನಂದರು ಅನ್ನುವುದು ಇಲ್ಲಿ ಬೇಡ.

ಹೀಗೆ ಅಡ್ಡ ನಿಂತ 800 ದಿನಾ ಓಡುವ ಕಾರಾಗಿ ಉಳಿಯುವುದಿಲ್ಲ, ಭಾನುವಾರದ ಕಾರು. ಹಾಗೆ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆಯಬೇಡಿ, ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಫಸ್ಟ್ ಗೇರಿಗೆ ಹಾಕಿ, ಚಕ್ರಕ್ಕೆ ಅಡ್ಡೆ ಕೊಡಿ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಡಿ. ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. 1998ರ ಕಾರ್ಬ್ಯುರೇಟರ್ ಕಾರಿನ ರಬ್ಬರ್ ಪೈಪು, ಪಂಪಿನ ಡಯಾಫ್ರಮ್ ಅದಕ್ಕಾಗಿ ಮಾಡಿದವಲ್ಲ. ಎಥನಾಲ್ ತಡೆಯುವ ಪೈಪು ಹಾಕಿಸಿ, ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ಇಡಬೇಡಿ.

ಆರ್‌ಸಿ ವಿಷಯಕ್ಕೆ ಇವತ್ತೇ ಏಳಿ. ಮಾಲೀಕರು ತೀರಿಕೊಂಡರೆ 30 ದಿನದಲ್ಲಿ ಆರ್‌ಟಿಓಗೆ ತಿಳಿಸಬೇಕು, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ನಿಮ್ಮದು ಆಗಲೇ ತಡ. ಏನಾದರೂ ಅಪಘಾತವಾದರೆ ವಿಮೆ ಕಂಪನಿ ಮೊದಲು ಕೇಳುವುದೇ ಇದನ್ನು. ನಿಮ್ಮ ಹೆಸರಿಗೆ ಬಂದರೆ ಇನ್ನೊಂದು ಲಾಭ: ಒಬ್ಬರದೇ ಹೆಸರಲ್ಲಿರುವ ಹಲವು ವಾಹನಗಳಿಗೆ ಒಂದೇ ಫ್ಲೋಟರ್ ಪಾಲಿಸಿ ಕೊಡಲು, ಓಡಿಸಿದಷ್ಟಕ್ಕೆ ಪ್ರೀಮಿಯಂ ಕಟ್ಟುವ ಸೌಲಭ್ಯ ಕೊಡಲು ವಿಮಾ ನಿಯಂತ್ರಣ ಪ್ರಾಧಿಕಾರ 2022ರ ಜುಲೈನಲ್ಲೇ ಕಂಪನಿಗಳಿಗೆ ಅವಕಾಶ ಕೊಟ್ಟಿದೆ. ಕೇಳಿ ನೋಡಿ. ಮುಂದಿನ ಆರ್‌ಸಿ ನವೀಕರಣಕ್ಕೂ ದುಡ್ಡು ಎತ್ತಿಡಿ. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನಲ್ಲಿ ಶುಲ್ಕವನ್ನು 5,000ದಿಂದ 10,000 ರೂಪಾಯಿಗೆ ಏರಿಸಿದ್ದಾರೆ. ವಿಂಟೇಜ್ ಅನ್ನಿಸಿಕೊಳ್ಳಲು 50 ವರ್ಷ ಆಗಬೇಕು, ಅಂದರೆ 2048ರವರೆಗೆ ಕಾಯಬೇಕು.

ಮಾರಬೇಕಾ ಬೇಡವಾ ಅಂತ ನೀವು ನನ್ನನ್ನು ಕೇಳಿಲ್ಲ. ಅಮ್ಮನಿಗೆ ಹೇಳುವ ಧೈರ್ಯ ನನಗೂ ಇಲ್ಲ. ಭಾನುವಾರ ಆ ಕಾರಿನಲ್ಲೇ ಅವರನ್ನು ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ, ಕಾರಿನ ಆರೋಗ್ಯಕ್ಕೂ ಅದೇ ಬೇಕಾಗಿರುವುದು.

ಪ್ರಶ್ನೆ: ಕುಂದಾಪುರದ ಹತ್ತಿರ ನಮ್ಮ ಮನೆ. ಅಂಗಳಕ್ಕೆ ಬರಗಾಲ ಇಲ್ಲ. ಮಗ ದುಬೈನಲ್ಲಿದ್ದಾನೆ, ಅವನ ಕಾರು ವರ್ಷಕ್ಕೆ ಎರಡು ಸಲ ಓಡುತ್ತದೆ. ಮಳೆಗೆ ನೆನೆಯದಿರಲಿ ಅಂತ ಶೀಟಿನ ಶೆಡ್ಡಿಗೆ ಶಟರ್ ಹಾಕಿಸಿ, ಕಾರಿಗೆ ಪ್ಲಾಸ್ಟಿಕ್ ಕವರ್ ಹೊದಿಸಿದ್ದೇವೆ. ಆದರೂ ಸೀಟೆಲ್ಲ ಬೂಷ್ಟು, ಬ್ಯಾಟರಿ ಡೆಡ್. ವಾರಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡುತ್ತೇನೆ.

ಉತ್ತರ: ಮಳೆ ಒಳಗೆ ಬರಬಾರದು ಅಂತ ನೀವು ತೇವವನ್ನು ಒಳಗೇ ಕೂಡಿಹಾಕಿದ್ದೀರಿ. ಕರಾವಳಿಯಲ್ಲಿ ಶೆಡ್ಡಿಗೆ ಬೇಕಾದದ್ದು ಸೂರು, ಪೆಟ್ಟಿಗೆಯಲ್ಲ. ಎರಡು ಪಕ್ಕದ ಗೋಡೆಯಲ್ಲಿ ಮೇಲೆ, ಕೆಳಗೆ ಜಾಲರಿ ಬಿಡಿಸಿ. ಕಡಲ ಗಾಳಿಯ ಉಪ್ಪಿಗೂ ನಿಂತ ತೇವ ಸಿಕ್ಕರೆ ತುಕ್ಕು ಬೇಗ. ಪ್ಲಾಸ್ಟಿಕ್ ಕವರ್ ಇವತ್ತೇ ತೆಗೆದು, ಗಾಳಿಯಾಡುವ ಬಟ್ಟೆಯದ್ದು ಹಾಕಿ. ನೆಲ ಮಣ್ಣಿನದಾಗಿದ್ದರೆ ಕಾಂಕ್ರೀಟ್ ಮಾಡಿಸಿ, ಕೆಳಗಿಂದ ಏಳುವ ತೇವವೇ ಕಾರಿನ ಹೊಟ್ಟೆಯನ್ನು ತಿನ್ನುವುದು. ಶೆಡ್ಡಿನ ಮೇಲೆ ತೆಂಗಿನಮರ ಬಾಗಿದೆಯಾ ಅಂತ ಬರೆದಿಲ್ಲ. ಇದ್ದರೆ ಮೊದಲು ಕಾಯಿ ಕೀಳಿಸಿ.

ಐದು ನಿಮಿಷದ ಸ್ಟಾರ್ಟಿಂಗ್ ನಿಲ್ಲಿಸಿ. ಸ್ಟಾರ್ಟ್ ಮಾಡಲು ಬ್ಯಾಟರಿಯಿಂದ ಹೋದದ್ದು ಅಷ್ಟರಲ್ಲಿ ಸರಿಯಾಗಿ ವಾಪಸ್ ಬರುವುದಿಲ್ಲ. ಸೈಲೆನ್ಸರ್ ಕಾಯದೆ ಒಳಗೆ ನೀರು ನಿಂತು ತುಕ್ಕು ಹಿಡಿಯುತ್ತದೆ. ಶಟರ್ ಮುಚ್ಚಿ ಸ್ಟಾರ್ಟ್ ಮಾಡಿದರಂತೂ ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಎಚ್ಚರಿಕೆಯೂ ಇಲ್ಲ. ಪ್ರಾಣಕ್ಕೇ ಬರುತ್ತದೆ. ಹದಿನೈದು ದಿನಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ, ಎಸಿ ಹಾಕಿಕೊಂಡು. ಆಗದಿದ್ದರೆ ಬ್ಯಾಟರಿ ವೈರ್ ಬಿಚ್ಚಿ. ಈಗಿನ ಕಾರು ನಿಂತಲ್ಲೇ ಗಡಿಯಾರ, ಅಲಾರಂ, ಕಂಪ್ಯೂಟರ್ ಅಂತ 30 ಮಿಲಿಆಂಪ್‌ನಷ್ಟು ಕರೆಂಟ್ ಎಳೆಯುವುದು ಮಾಮೂಲು. 35 ಆಂಪ್ ಅವರ್ ಬ್ಯಾಟರಿಯಿಂದ ದಿನಕ್ಕೆ 0.72 ಹೋದರೆ, ಮೂರೂವರೆ ವಾರಕ್ಕೆ ಅರ್ಧ ಖಾಲಿ.

ಓಡದ ಕಾರಿಗೆ ಯಾಕೆ ಅಂತ ವಿಮೆ ಮಾತ್ರ ಬಿಡಬೇಡಿ. ಪಾಲಿಸಿ ಮುಗಿದು 90 ದಿನ ದಾಟಿದರೆ, ಮಗ ಇಷ್ಟು ವರ್ಷ ಕ್ಲೇಮ್ ಮಾಡದೆ ಗಳಿಸಿದ ರಿಯಾಯಿತಿ ಪೂರ್ತಿ ಹೋಗುತ್ತದೆ. ಅದು ಶೇ 50ರವರೆಗೂ ಇರಬಹುದು.

ಪ್ರಶ್ನೆ: ಎರಡನೇ ಕಾರಾಗಿ ಎಲೆಕ್ಟ್ರಿಕ್ ತಗೊಂಡಿದ್ದೇವೆ. ಪೋರ್ಟಿಕೋದಲ್ಲಿ ಪ್ಲಗ್ ಇಲ್ಲ. ಹಾಲ್‌ನಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು ಚಾರ್ಜ್ ಮಾಡಬಹುದಾ? (ಮೈಸೂರು)

ಉತ್ತರ: ಬೇಡ. ಕಾರಿನ ಜೊತೆ ಬರುವ ಸಣ್ಣ ಚಾರ್ಜರ್ ಸಾಮಾನ್ಯವಾಗಿ 3 ಕಿಲೋವ್ಯಾಟ್ ಮೇಲೆಯೇ ಎಳೆಯುತ್ತದೆ, ಅದೂ ರಾತ್ರಿಯಿಡೀ. ಗೀಸರ್ ಬೆಳಗಿನ ತನಕ ಉರಿದ ಹಾಗೆ. ಎಕ್ಸ್‌ಟೆನ್ಷನ್ ಬಾಕ್ಸಿನ ವೈರ್ ಬಿಸಿಯಾಗಿ ಕರಗುತ್ತದೆ. ಮೀಟರ್ ಬೋರ್ಡಿನಿಂದಲೇ ಬೇರೆ ವೈರ್, ಬೇರೆ ಎಂಸಿಬಿ (ಲೋಡ್ ಹೆಚ್ಚಾದರೆ ತಾನೇ ಆಫ್ ಆಗುವ ಸ್ವಿಚ್ಚು), ಸರಿಯಾದ ಅರ್ಥಿಂಗ್ ಕೊಟ್ಟು 16 ಆಂಪ್ ಪ್ಲಗ್ ಹಾಕಿಸಿ. ಮಳೆ ಎರಚಲು ಬೀಳದ ಎತ್ತರದಲ್ಲಿರಲಿ. 7 ಕಿಲೋವ್ಯಾಟಿನ ಗೋಡೆ ಚಾರ್ಜರ್ ಬೇಕಿದ್ದರೆ ಕರೆಂಟ್ ಬಿಲ್ಲಿನಲ್ಲಿ ನಿಮ್ಮ ಮಂಜೂರಾದ ಲೋಡ್ ಎಷ್ಟಿದೆ ನೋಡಿ. 3 ಕಿಲೋವ್ಯಾಟ್ ಅಂತಿದ್ದರೆ ಮೊದಲು ನಿಮ್ಮ ವಿದ್ಯುತ್ ಕಂಪನಿ ಸೆಸ್ಕ್‌ನ ಕಚೇರಿಗೆ ಹೋಗಿ ಲೋಡ್ ಜಾಸ್ತಿ ಮಾಡಿಸಿಕೊಳ್ಳಿ, ಚಾರ್ಜರ್ ಆಮೇಲೆ.